ಸವಳು ನೆಲದಲ್ಲಿ ಔಷಧಿ ಬೆಳೆ: ಬೀಜ ಹುಟ್ಟುತ್ತಾ, ಲೆಕ್ಕ ಕೂಡುತ್ತಾ?

ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೆ ಓಡಾಡುತ್ತಿವೆ. ಸವಳು, ಅಂದರೆ ಉಪ್ಪು ಏರಿದ ನೆಲದಲ್ಲಿ ಔಷಧಿ ಗಿಡದ ಬೀಜ ಹುಟ್ಟುವುದೇ ಕಷ್ಟ, ಹುಟ್ಟಿದರೂ ಗಿಡ ಗಿಡ್ಡಾಗಿಯೇ ಉಳಿಯುತ್ತದೆ ಎನ್ನುತ್ತದೆ ಒಂದು. ಉಪ್ಪಿನ ಕಾಟ ಇದ್ದರೆ ಅದೇ ಗಿಡದಲ್ಲಿ ಔಷಧಿ ಅಂಶ ಜಾಸ್ತಿಯಾಗುತ್ತದೆ, ಹಾಗಾಗಿ ಕೆಟ್ಟ ಹೊಲಕ್ಕೆ ಅಶ್ವಗಂಧ, ತುಳಸಿಯೇ ಸರಿ ಎನ್ನುತ್ತದೆ ಇನ್ನೊಂದು. ಎರಡನ್ನೂ ಓದಿದವರು ತಲೆ ಕೆರೆದುಕೊಳ್ಳುವುದು ಸಹಜ. ಎರಡಕ್ಕೂ ಪ್ರಯೋಗಗಳ ಆಧಾರವಿದೆ. ಆದರೆ ಅವು ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಟ್ಟಿಗೆ ಇದು ಸುಮ್ನೆ ಓದಿ ಮರೆಯುವ ಸುದ್ದಿಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಭೂ ಪರಿಹಾರದ ದರ ನಿಗದಿ ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಲಕ್ಷಾಂತರ ಹೆಕ್ಟೇರ್‌ಗೆ ಹೊಸದಾಗಿ ಕಾಲುವೆ ನೀರು ಹರಿಯಬೇಕು. ಚರ್ಚೆಯೆಲ್ಲ ಪರಿಹಾರದ ಮೊತ್ತ ಮತ್ತು ಮಹಾರಾಷ್ಟ್ರದ ತಕರಾರಿನ ಸುತ್ತಲೇ ನಡೆಯಿತು. ಈಗಾಗಲೇ ಕಾಲುವೆ ನೀರು ಕಂಡ ಹೊಲಗಳಲ್ಲಿ ಏರಿರುವ ಸವಳಿನ ಮಾತು ಅಷ್ಟಾಗಿ ಕೇಳಲಿಲ್ಲ. ಅಂಥ ಹೊಲಗಳಿಗೆ ಸಲಹೆಯ ರೂಪದಲ್ಲಿ ಬರುವ ಹೆಸರುಗಳಲ್ಲಿ ಔಷಧಿ ಬೆಳೆಯೂ ಒಂದು.

ಉಪ್ಪು ಬಂದದ್ದು ಎಲ್ಲಿಂದ

ಈ ಮೂರೂ ಜಿಲ್ಲೆಗಳ ಬಹುಪಾಲು ನೆಲ ಎರೆ. ಕಪ್ಪು, ಜಿಗುಟು, ಒಣಗಿದರೆ ಬಿರುಕು ಬಿಡುವ ಮಣ್ಣು. ಈ ಮಣ್ಣಿನ ಕೆಳಪದರದಲ್ಲಿ ಲವಣ ಮೊದಲಿನಿಂದಲೂ ಇದೆ. ವರ್ಷಕ್ಕೆ ಸುಮಾರು 550ರಿಂದ 650 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಆ ಲವಣವನ್ನು ತೊಳೆದು ಹೊಳೆಗೆ ಸೇರಿಸುವಷ್ಟು ನೀರು ಯಾವತ್ತೂ ಸಿಕ್ಕಿಲ್ಲ. ವಿಜಯಪುರದ ಡೋಣಿ ನದಿಯನ್ನೇ ನೋಡಿ. ಅದರ ದಂಡೆಯ ಎರೆ ಬಿಳಿಜೋಳಕ್ಕೆ ಹೆಸರುವಾಸಿ, ನೀರು ಮಾತ್ರ ಉಪ್ಪು.

ಮಳೆಯಾಶ್ರಿತ ಬೇಸಾಯ ಇರುವ ತನಕ ಆ ಉಪ್ಪು ಆಳದಲ್ಲೇ ಇರುತ್ತಿತ್ತು. ಹಿಂಗಾರಿ ಜೋಳ, ಕಡಲೆ, ಕುಸುಬೆ ಬೇರಿಗೆ ಸಿಕ್ಕಷ್ಟು ತೇವ ಕುಡಿದು ಮುಗಿಸುತ್ತಿದ್ದವು. ಘಟಪ್ರಭಾ, ಮಲಪ್ರಭಾ, ಕೃಷ್ಣಾ ನೀರು ಹೊಲಕ್ಕೆ ಬಂದ ಮೇಲೆ ಲೆಕ್ಕ ಬದಲಾಯಿತು. ಎರೆ ಮಣ್ಣಿನಲ್ಲಿ ನೀರು ಇಳಿಯುವುದು ಬಹಳ ನಿಧಾನ. ಹಾಕಿದ ನೀರೆಲ್ಲ ಹೊರಗೆ ಹೋಗಲು ದಾರಿ ಇಲ್ಲದೆ ಅಂತರ್ಜಲ ಮೇಲೇರುತ್ತದೆ. ನೆಲಮಟ್ಟದಿಂದ ಒಂದೆರಡು ಮೀಟರ್ ಹತ್ತಿರಕ್ಕೆ ಬಂತು ಅಂದರೆ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ನೀರು ಮೇಲ್ಮೈಗೆ ಹತ್ತಿ ಬಿಸಿಲಿಗೆ ಆರಿಹೋಗುತ್ತದೆ. ಅದರ ಜೊತೆ ಬಂದ ಉಪ್ಪು ಅಲ್ಲೇ ಉಳಿಯುತ್ತದೆ. ರೈತರು ಸವಳು, ಜವಳು (ನೀರು ನಿಂತು ನೆಲ ಕೆಡುವುದು) ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಕಾರಣ ಇದೇ. ಮೊದಲು ಜವಳು ಹಿಡಿಯುತ್ತದೆ, ಹಿಂದೆಯೇ ಸವಳು ಏರುತ್ತದೆ.

ಕಾಲುವೆಯ ಒಳ್ಳೆ ನೀರು ಕೂಡ ಪೂರ್ತಿ ಉಪ್ಪಿಲ್ಲದ್ದೇನಲ್ಲ. ಲೀಟರಿಗೆ 200 ಮಿಲಿಗ್ರಾಂ ಲವಣ ಇರುವ ನೀರು ಕುಡಿಯಲು ಉತ್ತಮವೇ. ಆದರೆ ಕಬ್ಬಿಗೆ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ನೀರು ಬೇಕು. ಅಷ್ಟೂ ಕಾಲುವೆಯಿಂದಲೇ ಬಂದರೆ ಎಕರೆಗೆ 80 ಲಕ್ಷ ಲೀಟರ್ ದಾಟುತ್ತದೆ. ಗುಣಿಸಿ ನೋಡಿ, ಒಂದು ವರ್ಷಕ್ಕೆ ಎಕರೆಗೆ 1.6 ಟನ್ ಉಪ್ಪು ಹೊಲಕ್ಕೆ ಬರುತ್ತದೆ. ಲೀಟರಿಗೆ 640 ಮಿಲಿಗ್ರಾಂ ಲವಣವಿರುವ ಬೋರ್‌ವೆಲ್ ನೀರಾದರೆ 5 ಟನ್ ದಾಟುತ್ತದೆ. ಬಸಿದು ಹೋಗಲು ದಾರಿ ಇದ್ದರೆ ಇದು ಸಮಸ್ಯೆಯೇ ಅಲ್ಲ. ದಾರಿ ಇಲ್ಲದಿದ್ದರೆ ಪ್ರತಿ ವರ್ಷ ಇಷ್ಟಿಷ್ಟೇ ಸೇರುತ್ತಾ ಹೋಗುತ್ತದೆ.

ಇನ್ನೊಂದು ಮಾತು. ಕಬ್ಬು ಉಪ್ಪನ್ನು ಅಷ್ಟಾಗಿ ತಡೆಯುವ ಬೆಳೆಯೂ ಅಲ್ಲ. ಮಣ್ಣಿನ ಉಪ್ಪನ್ನು ಅಳೆಯುವ ಇಸಿ, ಅಂದರೆ ವಿದ್ಯುತ್ ವಾಹಕತೆ, ಮೀಟರಿಗೆ 1.7 ಡೆಸಿಸೀಮೆನ್ಸ್ ದಾಟಿದರೆ ಕಬ್ಬಿನ ಇಳುವರಿ ಇಳಿಯತೊಡಗುತ್ತದೆ ಎಂಬುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆ. ಜೋಳ ಅದೇ ಅಳತೆಯಲ್ಲಿ 6.8ರವರೆಗೆ, ಹತ್ತಿ 7.7ರವರೆಗೆ ತಾಳುತ್ತವೆ. ಉಪ್ಪು ತಾಳುವ ಜೋಳ, ಹತ್ತಿಯನ್ನು ಬಿಟ್ಟು ತಾಳದ ಕಬ್ಬಿಗೆ ಹೋದದ್ದರಿಂದ ಉಪ್ಪೂ ಹೆಚ್ಚಿತು, ಅದರ ಪೆಟ್ಟೂ ಜೋರಾಗಿ ಬಿತ್ತು.

ಎಲ್ಲ ಕೆಟ್ಟ ನೆಲವೂ ಒಂದೇ ಥರ ಅಲ್ಲ

ಸುದ್ದಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವ ವಿಷಯ ಇದು. ಕೆಟ್ಟ ನೆಲದಲ್ಲಿ ಎರಡು ಜಾತಿ. ಒಂದರಲ್ಲಿ ಕರಗಿದ ಲವಣ ಜಾಸ್ತಿ, ಇಸಿ 4ಕ್ಕಿಂತ ಮೇಲೆ, ಹುಳಿ-ಕ್ಷಾರ ಅಳೆಯುವ ಪಿಎಚ್ 8.5ರ ಒಳಗೆ. ಇದು ಉಪ್ಪು ಮಣ್ಣು. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಪುಡಿ ಕಾಣುವುದು ಇದರಲ್ಲಿ. ಇನ್ನೊಂದರಲ್ಲಿ ಕರಗಿದ ಲವಣ ಕಡಿಮೆಯೇ ಇರಬಹುದು. ಆದರೆ ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ, ಪಿಎಚ್ 8.5 ದಾಟುತ್ತದೆ. ಇದು ಕ್ಷಾರ ಮಣ್ಣು. ಸೋಡಿಯಂ ಹೆಚ್ಚಾದರೆ ಜೇಡಿ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಬಿಡುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಎರೆ ಮಣ್ಣಿನಲ್ಲಿ ಜೇಡಿ ಮೊದಲೇ ಜಾಸ್ತಿ. ಹಾಗಾಗಿ ಬೇರೆ ಮಣ್ಣಿಗಿಂತ ಕಡಿಮೆ ಸೋಡಿಯಂಗೇ ಅದು ಕೆಡುತ್ತದೆ.

ದೇಶದಲ್ಲಿ ಉಪ್ಪು ಮತ್ತು ಕ್ಷಾರದಿಂದ ಕೆಟ್ಟ ನೆಲ ಒಟ್ಟು 67.3 ಲಕ್ಷ ಹೆಕ್ಟೇರ್ ಎಂಬ ಅಂದಾಜು ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಅದರಲ್ಲಿ ಕರ್ನಾಟಕದ ಪಾಲು ಸುಮಾರು 1.5 ಲಕ್ಷ ಹೆಕ್ಟೇರ್. ಗಮನಿಸಬೇಕಾದ್ದು ಏನೆಂದರೆ, ಈ ಅಂದಾಜಿನಲ್ಲಿ ನಮ್ಮ ರಾಜ್ಯದ ಹೆಚ್ಚುಕಮ್ಮಿ ಎಲ್ಲ ನೆಲವೂ ಕ್ಷಾರದ ಪಟ್ಟಿಗೇ ಸೇರಿದೆ. ಔಷಧಿ ಗಿಡಗಳ ಮೇಲಿನ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಸಾದಾ ಅಡುಗೆ ಉಪ್ಪಿನ ದ್ರಾವಣದಲ್ಲಿ. ಅಂದರೆ ಪ್ರಯೋಗದ ಗಿಡ ಎದುರಿಸಿದ ತೊಂದರೆ ಒಂದು, ಮುಧೋಳ ಅಥವಾ ಅಥಣಿಯ ಹೊಲದ ಗಿಡ ಎದುರಿಸುವ ತೊಂದರೆ ಇನ್ನೊಂದು ಆಗಿರಬಹುದು.

ಬೀಜಕ್ಕೆ ಏನಾಗುತ್ತದೆ

ಬೀಜ ಮೊಳೆಯಲು ಮೊದಲು ನೀರು ಕುಡಿದು ಉಬ್ಬಬೇಕು. ಆಮೇಲೆ ಒಳಗಿನ ಕಿಣ್ವಗಳು ಎಚ್ಚರಗೊಂಡು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬೇಕು. ಆ ಬಲದಿಂದ ಬೇರಿನ ಮೊಳಕೆ ಹೊರಗೆ ಬರಬೇಕು. ಉಪ್ಪು ಈ ಪ್ರತಿ ಹೆಜ್ಜೆಯಲ್ಲೂ ಅಡ್ಡ ಬರುತ್ತದೆ.

ಮೊದಲ ಏಟು ನೀರಿನದ್ದು. ಮಾವಿನ ಹೋಳಿಗೆ ಉಪ್ಪು ಹಾಕಿಟ್ಟರೆ ಹೋಳೇ ನೀರು ಬಿಡುತ್ತದೆ ಅಲ್ವಾ, ಮಣ್ಣಿನ ಉಪ್ಪು ಕೂಡ ಹಾಗೇ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹೊಲ ಒದ್ದೆ ಇದ್ದರೂ ಬೀಜಕ್ಕೆ ಆ ನೀರು ಸಿಗುವುದಿಲ್ಲ. ಮಣ್ಣಿನ ದ್ರಾವಣದ ಇಸಿ 10 ಇದ್ದರೆ ಬೀಜ ಸುಮಾರು ಮೂರೂವರೆ ವಾತಾವರಣದಷ್ಟು ಒತ್ತಡದ ವಿರುದ್ಧ ನೀರು ಎಳೆಯಬೇಕಾಗುತ್ತದೆ. ಪರಿಣಾಮವಾಗಿ ವಾರದಲ್ಲಿ ಹುಟ್ಟಬೇಕಾದ್ದು ಎರಡು ವಾರ ತೆಗೆದುಕೊಳ್ಳುತ್ತದೆ, ಕೆಲವು ಹುಟ್ಟುವುದೇ ಇಲ್ಲ.

ಎರಡನೇ ಏಟು ವಿಷದ್ದು. ನೀರಿನ ಜೊತೆ ಒಳಗೆ ಹೋದ ಸೋಡಿಯಂ, ಕ್ಲೋರೈಡ್ ಭ್ರೂಣದಲ್ಲಿ ಸೇರಿ ಕಿಣ್ವಗಳ ಕೆಲಸ ಕೆಡಿಸುತ್ತವೆ. ಮೊಳಕೆಗೆ ಚಾಲನೆ ಕೊಡುವ ಜಿಬ್ಬರೆಲಿನ್ ಇಳಿದು, ಬೀಜವನ್ನು ಮಲಗಿಸಿಡುವ ಅಬ್ಸಿಸಿಕ್ ಆಮ್ಲ ಮೇಲುಗೈ ಪಡೆಯುತ್ತದೆ. ಉಪ್ಪು ನೀರಿನಲ್ಲಿ ಮೊಳೆಯದ ಬೀಜವನ್ನು ತೆಗೆದು ಸಿಹಿ ನೀರಿನಲ್ಲಿಟ್ಟಾಗ ಅದು ಮೊಳೆತರೆ ಪೆಟ್ಟು ಬರೀ ನೀರಿನದ್ದು, ಬೀಜ ಬದುಕಿದೆ ಎಂದರ್ಥ. ಆಗಲೂ ಮೊಳೆಯದಿದ್ದರೆ ವಿಷ ಭ್ರೂಣವನ್ನೇ ಮುಟ್ಟಿದೆ. ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಇದು.

ಔಷಧಿ ಗಿಡಗಳಿಗೆ ಈ ಹಂತ ಧಾನ್ಯಗಳಿಗಿಂತ ಕಠಿಣ. ಕಾರಣ ಬೀಜದ ಗಾತ್ರ. ಅಶ್ವಗಂಧ, ತುಳಸಿ, ನೆಲಬೇವು, ಇವೆಲ್ಲ ಸಣ್ಣ ಬೀಜಗಳು. ಜೋಳ, ಕಡಲೆಯ ಹಾಗೆ ಆಳಕ್ಕೆ ಬಿತ್ತಲು ಬರುವುದಿಲ್ಲ. ಒಂದು, ಎರಡು ಸೆಂಟಿಮೀಟರ್ ಮಣ್ಣಿನಡಿಯಲ್ಲೇ ಇರಬೇಕು. ಉಪ್ಪು ಬಂದು ಕೂರುವುದೂ ಸರಿಯಾಗಿ ಅಲ್ಲೇ. ಪ್ರಯೋಗಾಲಯದವರು ಆರಿಂಚು ಆಳದ ಮಣ್ಣಿನ ಸರಾಸರಿ ಇಸಿ ಹೇಳುತ್ತಾರೆ, ಬೀಜ ಬಿದ್ದಿರುವ ಮೇಲ್ಪದರದಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿರಬಹುದು. ಸಣ್ಣ ಬೀಜದಲ್ಲಿ ಕೂಡಿಟ್ಟ ಆಹಾರವೂ ಕಡಿಮೆ. ಮೊಳಕೆ ತಡವಾದಷ್ಟೂ ಅದು ಖರ್ಚಾಗಿ, ಹೊರಗೆ ಬಂದ ಸಸಿಗೆ ಗಟ್ಟಿಯಾದ ಮೇಲ್ಪೊರೆಯನ್ನು ಒಡೆಯುವ ಶಕ್ತಿ ಉಳಿಯುವುದಿಲ್ಲ. ಅಶ್ವಗಂಧದಂಥ ಬೀಜಗಳಿಗೆ ಹುಟ್ಟಿನಲ್ಲೇ ಮಲಗುವ ಗುಣವೂ ಸ್ವಲ್ಪ ಇದೆ. ಒಳ್ಳೆ ನೆಲದಲ್ಲೇ ಎಲ್ಲ ಬೀಜವೂ ಹುಟ್ಟುವುದಿಲ್ಲ, ಸವಳಿನಲ್ಲಿ ಕೇಳುವುದೇ ಬೇಡ.

ಮಣ್ಣು ಪರೀಕ್ಷೆಯ ಚೀಟಿ ಓದುವಾಗ ಒಂದು ಎಚ್ಚರಿಕೆ ಬೇಕು. ಮೇಲೆ ಹೇಳಿದ 1.7, 4, 6.8 ಎಂಬ ಅಂಕಿಗಳು ಮಣ್ಣನ್ನು ಮುದ್ದೆಯಾಗುವಷ್ಟೇ ನೆನೆಸಿ ಹಿಂಡಿ ತೆಗೆದ ನೀರಿನ ಅಳತೆ. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಜಾಸ್ತಿಯಾದ್ದರಿಂದ ಅಂಕಿ ಸಣ್ಣದಾಗಿ ಕಾಣುತ್ತದೆ. ಈ ಅಳತೆಯಲ್ಲಿ 1 ದಾಟಿದರೇ ಮೊಳಕೆಗೆ ತೊಂದರೆ ಎಂದು ಎಣಿಸುವುದು ವಾಡಿಕೆ. ಚೀಟಿಯಲ್ಲಿ 1.5 ನೋಡಿ, ನಾಲ್ಕಕ್ಕಿಂತ ಕಡಿಮೆ ಇದೆ ಎಂದು ನಿಟ್ಟುಸಿರು ಬಿಟ್ಟವರು ಬಿತ್ತನೆಯಾದ ಮೇಲೆ ಪೇಚಿಗೆ ಸಿಲುಕುತ್ತಾರೆ.

ಹುಟ್ಟಿದ ಮೇಲೆ

ಮೊಳಕೆ ದಾಟಿದ ಗಿಡಕ್ಕೆ ತಾಳಿಕೆ ಸ್ವಲ್ಪ ಹೆಚ್ಚು. ಮೊದಲ ದಿನಗಳಲ್ಲಿ ನೀರಿನ ಕೊರತೆಯಿಂದ ಹೊಸ ಎಲೆ ಚಿಕ್ಕದಾಗುತ್ತದೆ, ಎಲೆಯ ರಂಧ್ರಗಳು ಮುಚ್ಚಿಕೊಂಡು ಬೆಳವಣಿಗೆ ನಿಧಾನವಾಗುತ್ತದೆ. ವಾರಗಳು ಕಳೆದಂತೆ ಹಳೆಯ ಎಲೆಗಳಲ್ಲಿ ಸೋಡಿಯಂ ತುಂಬಿ ಅಂಚು ಸುಟ್ಟಂತೆ ಒಣಗುತ್ತದೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಒಂದೇ ಬಾಗಿಲಲ್ಲಿ ನುಗ್ಗುವುದರಿಂದ ಒಂದು ಹೆಚ್ಚಾದರೆ ಇನ್ನೊಂದಕ್ಕೆ ಜಾಗವಿಲ್ಲ. ಗೊಬ್ಬರ ಹಾಕಿದರೂ ಗಿಡ ಹಸಿದೇ ಇರುತ್ತದೆ. ಪಿಎಚ್ ಏರಿದ ನೆಲದಲ್ಲಿ ಸತು, ಕಬ್ಬಿಣವೂ ಸಿಗದೆ ಎಲೆ ಹಳದಿಯಾಗುತ್ತದೆ.

ತಾಳುವ ಗಿಡಗಳು ಸೋಡಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಇಲ್ಲವೇ ಜೀವಕೋಶದ ಒಳಚೀಲದಲ್ಲಿ ಬೀಗ ಹಾಕಿಡುತ್ತವೆ. ಪ್ರೋಲಿನ್‌ನಂಥ ಪದಾರ್ಥ ತಯಾರಿಸಿ ನೀರು ಹಿಡಿದಿಡುತ್ತವೆ. ಇದೆಲ್ಲಕ್ಕೂ ಶಕ್ತಿ ಬೇಕು. ಬೆಳೆಯಲು ಬಳಸಬೇಕಾದ ಶಕ್ತಿ ಬದುಕಿ ಉಳಿಯಲು ಖರ್ಚಾಗುತ್ತದೆ. ಅಂತೂ ಗಿಡ ಉಳಿಯುತ್ತದೆ, ಗಾತ್ರ ಮಾತ್ರ ಕುಗ್ಗುತ್ತದೆ.

ಔಷಧಿ ಅಂಶ ಜಾಸ್ತಿಯಾಗುವ ಮಾತು ನಿಜವೇ?

ಒಂದು ಮಟ್ಟಿಗೆ ನಿಜ. ನಾವು ಔಷಧಿ ಎಂದು ಬಯಸುವ ಆಲ್ಕಲಾಯ್ಡ್, ಫೀನಾಲ್, ಸುಗಂಧ ತೈಲಗಳಲ್ಲಿ ಎಷ್ಟೋ ಗಿಡ ತನ್ನ ರಕ್ಷಣೆಗೆ ಮಾಡಿಕೊಳ್ಳುವ ಪದಾರ್ಥಗಳೇ. ಉಪ್ಪಿನ ಒತ್ತಡದಲ್ಲಿ ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹೆಚ್ಚುತ್ತವೆ, ಅವನ್ನು ಎದುರಿಸಲು ಗಿಡ ಇವುಗಳ ತಯಾರಿ ಹೆಚ್ಚಿಸುತ್ತದೆ. ನಿತ್ಯಪುಷ್ಪದ ಬೇರಿನಲ್ಲಿ ಅಜ್ಮಲಿಸಿನ್ ಎಂಬ ಆಲ್ಕಲಾಯ್ಡ್ ಉಪ್ಪಿನ ಒತ್ತಡದಲ್ಲಿ ಹೆಚ್ಚಿದ್ದು ಪ್ರಯೋಗಗಳಲ್ಲಿ ದಾಖಲಾಗಿದೆ.

ಆದರೆ ಇಲ್ಲಿ ಹೆಚ್ಚಾಗುವುದು ಗ್ರಾಂ ಒಂದಕ್ಕೆ ಎಷ್ಟು ಎಂಬ ಅಳತೆ. ರೈತ ಮಾರುವುದು ಎಕರೆಯ ಲೆಕ್ಕದಲ್ಲಿ. ಉದಾಹರಣೆಗೆ ಒಣ ತೂಕ ಶೇ 40 ಇಳಿಯಿತು, ಔಷಧಿ ಅಂಶ ಶೇ 30 ಏರಿತು ಎಂದುಕೊಳ್ಳಿ. 0.6 ಗುಣಿಸು 1.3, ಅಂದರೆ 0.78. ಅಂಶ ಏರಿದರೂ ಎಕರೆಗೆ ಸಿಕ್ಕ ಒಟ್ಟು ಔಷಧಿ ಶೇ 22 ಕಡಿಮೆಯೇ. ಜೊತೆಗೆ ಬೀಜ ಅರ್ಧದಷ್ಟೇ ಹುಟ್ಟಿದ್ದರೆ ಲೆಕ್ಕ ಇನ್ನೂ ಕೆಳಗೆ. ಶೀರ್ಷಿಕೆಗಳಲ್ಲಿ ಶೇ 30 ಮಾತ್ರ ಕಾಣುತ್ತದೆ, ಶೇ 22 ಯಾರ ಕಣ್ಣಿಗೂ ಬೀಳುವುದಿಲ್ಲ. ಉಪ್ಪು ಹೆಚ್ಚುತ್ತಾ ಹೋದರೆ ಅಂಶವೂ ಏರುತ್ತಲೇ ಇರುತ್ತದೆ ಎಂದೂ ಅಲ್ಲ. ಒಂದು ಹದದ ಆಚೆ ಗಿಡಕ್ಕೆ ಅದನ್ನು ತಯಾರಿಸಲೂ ತ್ರಾಣ ಇರುವುದಿಲ್ಲ.

ಪ್ರಯೋಗದ ಅಳತೆಯನ್ನೂ ನೋಡಬೇಕು. ಸಂಶೋಧನೆಯಲ್ಲಿ ಸಾಮಾನ್ಯವಾಗಿ 50, 100, 150 ಮಿಲಿಮೋಲ್ ಉಪ್ಪು ಎಂದು ಬರೆಯುತ್ತಾರೆ. 100 ಮಿಲಿಮೋಲ್ ಎಂದರೆ ಲೀಟರಿಗೆ 5.8 ಗ್ರಾಂ ಉಪ್ಪು, ಇಸಿ ಸುಮಾರು 10. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಬೀಜಕ್ಕೆ ದಿನವೂ ಒಂದೇ ಸಮ ತೇವ. ಹೊಲದಲ್ಲಿ ಬೆಳಿಗ್ಗೆ ಇದ್ದ ಉಪ್ಪಿನ ಸಾಂದ್ರತೆ ಮಧ್ಯಾಹ್ನದ ಬಿಸಿಲಿಗೆ ಬೇರೆಯಾಗಿರುತ್ತದೆ, ಲವಣಗಳೂ ನಾಲ್ಕೈದು ಬಗೆ. ತಟ್ಟೆಯಲ್ಲಿ ಗೆದ್ದ ಬೀಜ ಹೊಲದಲ್ಲಿ ಗೆಲ್ಲುತ್ತದೆ ಎಂಬ ಖಾತ್ರಿ ಇಲ್ಲ. ತಟ್ಟೆಯಲ್ಲೇ ಸೋತದ್ದನ್ನು ಹೊಲಕ್ಕೆ ಒಯ್ಯುವುದು ಮಾತ್ರ ಖಂಡಿತ ವ್ಯರ್ಥ.

ಕೊಳ್ಳುವವರ ಕಡೆಯಿಂದಲೂ ಒಂದು ತೊಡಕಿದೆ. ಆಯುರ್ವೇದ ಕಚ್ಚಾ ಮಾಲಿಗೆ ಸುಟ್ಟು ಬೂದಿ ಅಳೆಯುವ ಪರೀಕ್ಷೆ ಇದೆ. ಬೂದಿ ಮಿತಿ ಮೀರಿದರೆ ಮಣ್ಣು, ಮರಳು ಬೆರೆತಿದೆ ಎಂಬ ಅನುಮಾನ. ಉಪ್ಪು ನೆಲದ ಗಿಡದಲ್ಲಿ ಸೋಡಿಯಂ, ಕ್ಲೋರೈಡ್ ಸೇರಿಕೊಂಡಿರುವುದರಿಂದ ಕಲಬೆರಕೆ ಇಲ್ಲದೆಯೂ ಬೂದಿ ಏರಬಹುದು. ಅಶ್ವಗಂಧದ ಬೇರನ್ನು ಉದ್ದ, ದಪ್ಪ ನೋಡಿ ದರ್ಜೆ ಮಾಡುತ್ತಾರೆ. ಏಳು ಸೆಂಟಿಮೀಟರ್ ಉದ್ದ, ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ ಇದ್ದದ್ದು ಮೊದಲ ದರ್ಜೆ. ಸವಳಿನ ಬಡಕಲು ಬೇರು ಅಂಶದಲ್ಲಿ ಮುಂದಿದ್ದರೂ ದರದಲ್ಲಿ ಹಿಂದೆ ಬೀಳುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಿ ಕೀಳುವ ನೆಲ ಹೇಗಿರಬೇಕು ಎಂಬ ವಿವರ ಇದೆ. ಹುತ್ತ, ಸ್ಮಶಾನ, ಮರಳು ಇರದ ನೆಲ ಎನ್ನುವಾಗಲೇ ಸವಳು ಇರದ ನೆಲ ಎಂದೂ ಹೇಳಿದೆ. ಸವಳೇ ಔಷಧಿಗೆ ಶ್ರೇಷ್ಠ ಎಂದು ಆಯುರ್ವೇದದ ಹೆಸರಿನಲ್ಲಿ ಹೇಳುವವರು ಇದನ್ನೂ ಓದಿಕೊಂಡರೆ ಒಳ್ಳೆಯದು.

ಯಾವ ಗಿಡಕ್ಕೆ ಎಷ್ಟು ತಾಳಿಕೆ

ಕಬ್ಬು, ಹತ್ತಿಗೆ ಇರುವಂಥ ನಿಖರವಾದ ತಾಳಿಕೆಯ ಪಟ್ಟಿ ಔಷಧಿ ಸಸ್ಯಗಳಲ್ಲಿ ಕೆಲವಕ್ಕೆ ಮಾತ್ರ ಇದೆ. ಆದರೂ ದಿಕ್ಕು ತೋರಿಸುವಷ್ಟು ಅನುಭವ ದೇಶದಲ್ಲಿದೆ. ಉತ್ತರ ಪ್ರದೇಶದ ಕ್ಷಾರ ನೆಲಗಳಲ್ಲಿ ಲಾವಂಚ, ಪಾಮರೋಸಾ, ನಿಂಬೆಹುಲ್ಲು, ಕ್ಯಾಮೊಮೈಲ್ ಬದುಕಿ ಬೆಳೆದಿವೆ. ಲೋಳೆಸರ, ಸೋನಾಮುಖಿ ಮಧ್ಯಮ ಉಪ್ಪು ತಡೆಯುತ್ತವೆ. ಒಂದೆಲಗ ಅಲ್ಲದ, ನೀರಂಚಿನ ಬ್ರಾಹ್ಮಿಗೆ ಸ್ವಲ್ಪ ಸವಳು, ಸ್ವಲ್ಪ ಜವಳು ಎರಡೂ ನಡೆಯುತ್ತದೆ. ಆದರೆ ಅದು ನೀರಿನಲ್ಲಿರುವ ಭಾರಲೋಹಗಳನ್ನೂ ಹೀರುವ ಗಿಡ. ಕಾರ್ಖಾನೆ ಅಥವಾ ಊರಿನ ಚರಂಡಿ ನೀರು ಸೇರುವ ಜಾಗದಲ್ಲಿ ಅದನ್ನು ಬೆಳೆಯುವುದು ಅಪಾಯ.

ನಮಗೆ ಹೆಚ್ಚು ಹತ್ತಿರದ ಪಾಠ ಗುಜರಾತಿನದ್ದು. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಭರೂಚ್ ಕೇಂದ್ರ ಉಪ್ಪು ಏರಿದ ಕಪ್ಪು ಮಣ್ಣಿನಲ್ಲೇ ಕೆಲಸ ಮಾಡಿದೆ. ಅಲ್ಲಿ ಬೀಜಕ್ಕಾಗಿ ಸಬ್ಬಸಿಗೆ ಬೆಳೆಯುವುದು, ಎಣ್ಣೆ ಬೀಜಕ್ಕಾಗಿ ಪೀಲು ಮರ ನೆಡುವುದು ಎರಡೂ ಫಲ ಕೊಟ್ಟಿವೆ. ಸಬ್ಬಸಿಗೆ ನಮಗೆ ಹೊಸದಲ್ಲ, ಸೊಪ್ಪಾಗಿ ಎಲ್ಲ ಸಂತೆಯಲ್ಲೂ ಇದೆ. ಬೀಜದ ಎಣ್ಣೆ ಔಷಧಿಗೆ ಹೋಗುತ್ತದೆ ಎಂಬುದು ಮಾತ್ರ ಇಲ್ಲಿ ಅಷ್ಟು ಬಳಕೆಗೆ ಬಂದಿಲ್ಲ.

ಬೇರಿನ ಬೆಳೆಗಳಿಗೆ ಎರೆ ಮಣ್ಣಿನಲ್ಲಿ ಇನ್ನೊಂದು ತೊಂದರೆ. ಅಶ್ವಗಂಧಕ್ಕೆ ನೀರು ಬಸಿದುಹೋಗುವ ಮಸಾರಿ, ಮರಳು ಮಿಶ್ರಿತ ನೆಲ ಇಷ್ಟ. ಗಟ್ಟಿ ಎರೆಯಲ್ಲಿ ಬೇರು ಇಳಿಯುವುದೂ ಕಷ್ಟ, ಇಳಿದದ್ದನ್ನು ಮುರಿಯದೆ ಕೀಳುವುದೂ ಕಷ್ಟ. ನೀರು ನಿಂತರೆ ಬೇರು ಕೊಳೆಯುತ್ತದೆ. ಲಾವಂಚ ಎಂಥ ಎರೆಯಲ್ಲೂ ಬೆಳೆದೀತು, ಆದರೆ ಅದರ ಬೇರಿನ ಜಾಲವನ್ನು ಒಣಗಿದ ಎರೆಯಿಂದ ಬಿಡಿಸುವ ಕೂಲಿ ಯಾರಿಗೆ ಕೈಗೆಟುಕುತ್ತದೆ? ಹಾಗಾಗಿ ಕೆಟ್ಟ ಎರೆಗೆ ಎಲೆ, ಹುಲ್ಲು, ಬೀಜ ಕೊಯ್ಯುವ ಬೆಳೆಗಳೇ ಮೇಲು ಎನಿಸುತ್ತದೆ. ಪಾಮರೋಸಾ, ನಿಂಬೆಹುಲ್ಲಿನಂಥ ಎಣ್ಣೆ ಹುಲ್ಲಿಗೆ ಹತ್ತಿರದಲ್ಲೇ ಎಣ್ಣೆ ಇಳಿಸುವ ಭಟ್ಟಿ ಬೇಕು. ಇಲ್ಲದಿದ್ದರೆ ಹುಲ್ಲು ಸಾಗಿಸುವ ಬಾಡಿಗೆಯೇ ಎಣ್ಣೆಯ ದುಡ್ಡನ್ನು ನುಂಗುತ್ತದೆ.

ಯಾರ ವಾದ ಏನು

ಔಷಧಿ ಬೆಳೆಯ ಪರ ಇರುವವರ ಮಾತು ಸರಳ. ಪಾಳು ಬಿದ್ದ ನೆಲದಲ್ಲಿ ಅರ್ಧ ಇಳುವರಿ ಬಂದರೂ ಅದು ಲಾಭವೇ. ನೀರು ಕಡಿಮೆ ಬೇಕು, ಕೆಲವನ್ನು ದನ ಮುಟ್ಟುವುದಿಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇರುವಾಗ ಬೆಳೆಯುವುದರಿಂದ ಹಿಡಿದು ಪರೀಕ್ಷೆಯವರೆಗಿನ ಜ್ಞಾನ ಕೈಯಳತೆಯಲ್ಲೇ ಇದೆ.

ಮಣ್ಣಿನ ತಜ್ಞರು ಬೆಳೆಗಿಂತ ಮೊದಲು ನೀರು ಹೊರಹೋಗುವ ದಾರಿ ನೋಡಬೇಕು ಎನ್ನುತ್ತಾರೆ. ಬಸಿಗಾಲುವೆ ಇಲ್ಲದೆ ಯಾವ ಗಿಡ ಹಾಕಿದರೂ ಉಪ್ಪು ಏರುತ್ತಲೇ ಇರುತ್ತದೆ, ಇವತ್ತು ತಾಳಿದ ಗಿಡ ನಾಲ್ಕು ವರ್ಷಕ್ಕೆ ತಾಳಲಿಕ್ಕಿಲ್ಲ ಎಂಬುದು ಅವರ ವಾದ. ರೈತರ ಪ್ರಶ್ನೆ ಇನ್ನೂ ನೇರ. ಕಬ್ಬಿಗೆ ಕಾರ್ಖಾನೆ ಇದೆ, ಕೇಂದ್ರದ ಕನಿಷ್ಠ ದರ ಇದೆ, ಅದು ಸಾಲದಿದ್ದರೆ ರಸ್ತೆಗಿಳಿದು ಕೇಳುವ ದಾರಿಯೂ ಇದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ನಡೆದ ಹೋರಾಟ ಎಲ್ಲರಿಗೂ ನೆನಪಿದೆ. ಅಶ್ವಗಂಧದ ದೊಡ್ಡ ಮಾರುಕಟ್ಟೆ ಮಧ್ಯಪ್ರದೇಶದ ನೀಮಚ್‌ನಲ್ಲಿ. ಅಲ್ಲಿ ದರ ಬಿದ್ದರೆ ಇಲ್ಲಿಂದ ಯಾರನ್ನು ಕೇಳುವುದು?

ಮೂರರಲ್ಲಿ ಮಣ್ಣಿನ ತಜ್ಞರ ವಾದ ಗಟ್ಟಿ ಎನಿಸುತ್ತದೆ. ಕಾರಣ, ಮೊದಲಿನ ವಾದ ನಿಲ್ಲಬೇಕಾದರೂ ಅದಕ್ಕೆ ಬಸಿಗಾಲುವೆ ಬೇಕು. ಆದರೆ ರೈತರ ಪ್ರಶ್ನೆಗೆ ಉತ್ತರ ಇಬ್ಬರಲ್ಲೂ ಇಲ್ಲ.

ಬಿತ್ತಲೇಬೇಕು ಎಂದಿದ್ದರೆ

ಮೊಳಕೆಯೇ ದುರ್ಬಲ ಕೊಂಡಿ ಆದ್ದರಿಂದ ಅದನ್ನು ಸವಳಿನಿಂದ ಹೊರಗೇ ದಾಟಿಸಿಬಿಡುವುದು ಜಾಣತನ. ಒಳ್ಳೆ ಮಣ್ಣಿನ ಸಸಿಮಡಿಯಲ್ಲೋ ಟ್ರೇಯಲ್ಲೋ ಬೆಳೆಸಿ, ಐದಾರು ವಾರದ ಸಸಿ ನೆಡಬೇಕು. ತುಳಸಿ, ನೆಲಬೇವಿಗೆ ಇದು ಸುಲಭ. ಬೇರಿಗಾಗಿ ಬೆಳೆಯುವ ಅಶ್ವಗಂಧವನ್ನು ಕಿತ್ತು ನೆಟ್ಟರೆ ಬೇರು ಕವಲೊಡೆಯುವ ಅಪಾಯ ಇದೆ. ಅಲ್ಲಿ ನೇರ ಬಿತ್ತನೆಯೇ ಗತಿ. ಆಗ ಬೀಜವನ್ನು ನೀರಿನಲ್ಲೋ ಪೊಟ್ಯಾಸಿಯಂ ನೈಟ್ರೇಟ್‌ನ ತೆಳು ದ್ರಾವಣದಲ್ಲೋ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ. ಉಪ್ಪಿನ ಮೇಲ್ಪದರದಲ್ಲಿ ಬೀಜ ಕಳೆಯುವ ದಿನಗಳು ಕಡಿಮೆಯಾಗುತ್ತವೆ.

ಬೋದು ಹಾಕಿ ಬಿತ್ತುವವರು ಬೋದಿನ ನೆತ್ತಿಯ ಮೇಲೆ ಬೀಜ ಇಡಬಾರದು. ಎರಡೂ ಬದಿಯಿಂದ ಹತ್ತಿದ ನೀರು ಉಪ್ಪನ್ನು ತಂದು ಸುರಿಯುವುದು ನೆತ್ತಿಯ ಮೇಲೇ. ಇಳಿಜಾರಿನ ಮಧ್ಯದಲ್ಲಿ ಇಟ್ಟರೆ ಬೀಜ ಬಚಾವಾಗುತ್ತದೆ. ಹನಿ ನೀರಾವರಿಯಲ್ಲೂ ಇದೇ ನಿಯಮ. ಉಪ್ಪು ಒದ್ದೆ ವೃತ್ತದ ಅಂಚಿಗೆ ಸರಿಯುತ್ತದೆ, ಗಿಡ ಹನಿಯ ಹತ್ತಿರ ಇರಬೇಕು. ಮಲ್ಚಿಂಗ್‌ಗೆ ಕಬ್ಬಿನ ರವದಿ ಧಾರಾಳ ಇದೆ. ಸುಡುವ ಬದಲು ಹೊದಿಸಿದರೆ ಆರುವ ನೀರೂ ಕಡಿಮೆ, ಮೇಲೇರುವ ಉಪ್ಪೂ ಕಡಿಮೆ.

ಜಿಪ್ಸಂ ವಿಷಯದಲ್ಲಿ ದುಡ್ಡು ಪೋಲಾಗುವುದು ಹೆಚ್ಚು. ಅದು ಕ್ಷಾರಕ್ಕೆ ಮದ್ದು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ನೀರಿನ ಜೊತೆ ಕೆಳಗಿಳಿದು ಹೊರಗೆ ಹೋಗಬೇಕು. ಬರೀ ಉಪ್ಪು ಏರಿದ, ಪಿಎಚ್ ಸರಿ ಇರುವ ನೆಲಕ್ಕೆ ಜಿಪ್ಸಂ ಹಾಕಿದರೆ ಇನ್ನಷ್ಟು ಲವಣ ಸೇರಿಸಿದಂತೆ. ಅಲ್ಲಿ ಬೇಕಿರುವುದು ತೊಳೆಯುವ ನೀರು. ಒಂದು ಅಡಿ ಮಣ್ಣಿಗೆ ಒಂದು ಅಡಿ ನೀರು ನಿಲ್ಲಿಸಿ ಬಸಿದರೆ ಆ ಪದರದ ಉಪ್ಪಿನಲ್ಲಿ ಸುಮಾರು ಶೇ 80 ಹೋಗುತ್ತದೆ ಎಂಬುದು ಹಳೆಯ ಲೆಕ್ಕ. ಬಸಿಯಲು ಜಾಗ ಇದ್ದರೆ ಮಾತ್ರ ಈ ಲೆಕ್ಕ. ಇಲ್ಲದಿದ್ದರೆ ಅದೇ ನೀರು ಅಂತರ್ಜಲ ಏರಿಸಿ, ಬೇಸಿಗೆಗೆ ಉಪ್ಪನ್ನು ಮತ್ತೆ ಮೇಲೆ ತರುತ್ತದೆ.

ಮುಂದೆ ಏನಾಗಬಹುದು

ಬಸಿಗಾಲುವೆ ಒಬ್ಬ ರೈತನ ಕೆಲಸವಲ್ಲ. ಒಂದು ಹೊಲದಿಂದ ಹೊರಟ ಉಪ್ಪು ನೀರು ಕೆಳಗಿನ ಹೊಲಕ್ಕೆ ನುಗ್ಗದೆ ಹಳ್ಳ ಸೇರಬೇಕು. ಅದಕ್ಕೆ ಇಡೀ ಊರಿನ ಇಳಿಜಾರು ನೋಡಿ ಯೋಜನೆ ಮಾಡಬೇಕು. ನೆಲದಡಿ ರಂಧ್ರದ ಪೈಪ್ ಹೂಳಿ ನೀರು ಬಸಿಯುವ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಖರ್ಚು ಮಾತ್ರ ಸಣ್ಣ ಹಿಡುವಳಿದಾರರ ಕೈ ಮೀರಿದ್ದು. ಮೂರನೇ ಹಂತದ ಕಾಲುವೆಗಳ ಜೊತೆಯಲ್ಲೇ ಬಸಿಗಾಲುವೆಗೂ ಜಾಗ, ಹಣ ಎರಡೂ ಮೀಸಲಾದರೆ ಹೊಸ ಅಚ್ಚುಕಟ್ಟು ಹಳೆಯದರ ದಾರಿ ಹಿಡಿಯುವುದು ತಪ್ಪೀತು. ಕಾಲುವೆ ಮೊದಲು, ಬಸಿಯುವ ಮಾತು ಆಮೇಲೆ ಎಂದಾದರೆ ಹದಿನೈದು, ಇಪ್ಪತ್ತು ವರ್ಷದಲ್ಲಿ ಇನ್ನಷ್ಟು ಎರೆ ಸವಳಾಗಿ, ಅದಕ್ಕೆ ಯಾವ ಗಿಡ ಹಾಕೋಣ ಎಂಬ ಚರ್ಚೆ ಮತ್ತೆ ಶುರುವಾಗುತ್ತದೆ.

ಈಗಾಗಲೇ ಕೆಟ್ಟಿರುವ ಹೊಲದವರಿಗೆ ಈ ಹಂಗಾಮಿನಲ್ಲಿ ಮಾಡಬಹುದಾದದ್ದು ಸಣ್ಣದು. ಮೇಲಿನ ಎರಡು ಇಂಚಿನ ಮಣ್ಣನ್ನೂ ಅಡಿ ಆಳದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕೊಟ್ಟು, ಇಸಿಯ ಜೊತೆ ಪಿಎಚ್ ಮತ್ತು ಅಂಟಿದ ಸೋಡಿಯಂ ಪ್ರಮಾಣವನ್ನೂ ಕೇಳುವುದು. ಬೀಜ ಕೊಳ್ಳುವ ಮೊದಲು ಅದೇ ಮಣ್ಣನ್ನು ಎರಡು ಕುಂಡಕ್ಕೆ ತುಂಬಿ, ನೂರು ನೂರು ಬೀಜ ಹಾಕಿ, ಒಂದಕ್ಕೆ ಹೊಲದ ನೀರು, ಇನ್ನೊಂದಕ್ಕೆ ಮಳೆ ನೀರು ಹಾಕಿ ಎಣಿಸುವುದು. ಎರಡರಲ್ಲೂ ಹುಟ್ಟದಿದ್ದರೆ ತಪ್ಪು ಮಣ್ಣಿನದ್ದೋ ಬೀಜದ್ದೋ ಎಂದು ತಿಳಿಯಲು ಒಳ್ಳೆ ಮಣ್ಣಿನ ಮೂರನೇ ಕುಂಡವೂ ಇರಲಿ. ಕೊಳ್ಳುವವರು ಸಿಕ್ಕರೆ ದರದ ಜೊತೆ ಬೂದಿಯ ಮಿತಿಯನ್ನೂ ದರ್ಜೆಯ ಅಳತೆಯನ್ನೂ ಬಿತ್ತನೆಗೆ ಮೊದಲೇ ಬರೆಸಿಕೊಳ್ಳಬೇಕು.